ನಿಂತವರ ಪೆಟ್ಟಿಗೆ

ರೇಸಿನ ಹಳೇ ಸಾಮಾನು ಇದೆಯಂತಲ್ಲ ಎಂದು ಕೇಳಿಕೊಂಡು
ಪುಣೆಯಿಂದ ಬಂದಿದ್ದರು ಅವರು,
ಬಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಭೂತಗನ್ನಡಿ.
ಪಂಚರ್ ಅಂಗಡಿಯ ಟ್ಯೂಬಿನ ರಾಶಿ ಸರಿಸಿ
ಬುಡೇನ್ ಸಾಬರ ತಗಡಿನ ಪೆಟ್ಟಿಗೆ ಎಳೆದೆ.
ಬೀಗವಿಲ್ಲ. ಬೀಗದ ಜಾಗದಲ್ಲಿ ಸೈಕಲ್ಲಿನ ಒಂದು ಕಡ್ಡಿ.

ವರ್ಷಕ್ಕೊಂದೇ ರಾತ್ರಿ, ಕಾರ್ತೀಕದ ಚಳಿ.
ಮದರಾಸಿನಿಂದಲೋ ಬೊಂಬಾಯಿಗೋ, ನಮಗೆ ಗೊತ್ತಿರಲಿಲ್ಲ,
ದುರ್ಗದ ಕಲ್ಲುಗುಡ್ಡಗಳ ಕಡೆಯಿಂದ
ಭರಮಸಾಗರದ ತಿರುವಿಗೆ ಬರುವಾಗ
ಮೊದಲು ಬೆಳಕು, ಆಮೇಲೆ ಸದ್ದು,
ಆಮೇಲೆ ಬಾಯ್ತುಂಬ ಮಣ್ಣು.
ಊರಿಗೆ ಊರೇ ಕಂಬಳಿ ಹೊದ್ದು ಕೂತು
ಶೇಂಗಾ ಸುಲಿಯುತ್ತ ಎಣಿಸುತ್ತಿತ್ತು: ಹನ್ನೊಂದು, ಹನ್ನೆರಡು…
ಎಂಟು ವರ್ಷದ ನನಗೆ ಪೆಟ್ರೋಮ್ಯಾಕ್ಸ್ ಹಿಡಿಯುವ ಕೆಲಸ.
"ದೀಪ ಅಲ್ಲಾಡಿಸಬ್ಯಾಡ್ಲಾ ಪಾಲಯ್ಯ,
ಅವ್ರು ನಿನ್ನೇ ಒಂದು ಊರು ಅನ್ಕಂತಾರೆ"
ಅನ್ನುತ್ತಿದ್ದರು ಸಾಬರು.

ಒಂದೊಂದೇ ತೆಗೆದಿಟ್ಟೆ.
ಇದು ಹದಿನೇಳನೇ ನಂಬರಿನ ತಗಡು. ಕಾರು ಕೆರೆಗಿಳಿದಿತ್ತು;
ಓಬಯ್ಯನ ಜೋಡಿ ಕೋಣ ಎಳೆದು ತಂದವು.
ಡ್ರೈವರು ಅತ್ತ. ಅತ್ತು, ತನ್ನ ಟವೆಲ್ಲಿನಲ್ಲಿ
ಕೋಣಗಳ ಮೈ ಒರೆಸಿ ಹೋದ.
ಇದು ಎಡಗೈಯ ಗ್ಲೌಸು. ಬಲಗೈಯದು ಅವನ ಜೊತೆ ಹೋಯಿತು.
ಇದು ಸುಟ್ಟ ಪ್ಲಗ್ಗು.
ಇದು ಫ್ಲಾಸ್ಕಿನ ಮುಚ್ಚಳ. ಇದರಲ್ಲೇ
ಕ್ರಾಪು ಬಿಟ್ಟ ಹೆಂಗಸೊಬ್ಬಳು, ದಾರಿ ಓದುವವಳು,
ನನಗೆ ಮೊದಲ ಸಲ ಕಾಫಿ ಕುಡಿಸಿದ್ದು. ಕಹಿ.
ಸಾಬರು ಆಕ್ಸಲ್ಲಿನ ಕೆಳಗೆ ಮಲಗಿದ್ದಾಗ
ಮ್ಯಾಪು ಹರವಿ ಏನೋ ಕೇಳಿದಳು, ಬಹುಶಃ ಊರ ಹೆಸರು.
ನಾನು ನನ್ನ ಹೆಸರು ಹೇಳಿದೆ. ಬರೆದುಕೊಂಡಳು.
ಎಲ್ಲೋ ಒಂದು ಮ್ಯಾಪಿನಲ್ಲಿ ಇವತ್ತಿಗೂ ನಾನು
ದುರ್ಗಕ್ಕೂ ದಾವಣಗೆರೆಗೂ ನಡುವಿನ ಒಂದು ಊರು.

"ಗೆದ್ದವರದು ಏನಿದೆ?" ಅಂದರು.
ಗೆದ್ದವರು ಇಲ್ಲಿ ನಿಲ್ಲಲಿಲ್ಲವಲ್ಲ ಸಾರ್.

ಚೀಲದಿಂದ ಪುಸ್ತಕ ತೆಗೆದು ಓದಿದರು:
ಇಸವಿ, ಹೆಸರು, ಗಂಟೆ, ನಿಮಿಷ, ಸೆಕೆಂಡು.
ಒಬ್ಬರದೂ ಗುರುತು ಹತ್ತಲಿಲ್ಲ.
ನಮ್ಮ ಲೆಕ್ಕದಲ್ಲಿ ಅದು ಕೋಣದ ವರ್ಷ, ಆಕ್ಸಲ್ಲಿನ ವರ್ಷ,
ಮತ್ತೆ, ರೇಸು ನಿಂತಿದೆ ಎಂದು ಯಾರೂ ಹೇಳದೆ
ಬೆಳ್ಳಿ ಮೂಡುವತನಕ ಶೇಂಗಾ ಸುಲಿದ ವರ್ಷ.

ಒಂದಿದೆ, ಬನ್ನಿ, ಅಂದೆ. ಹಿತ್ತಿಲಿಗೆ ಕರೆದೊಯ್ದೆ.
ಮೈಲಿಗಲ್ಲು. ಯಾವುದೋ ವರ್ಷ ಮೊದಲ ಕಾರು
ವೇಗ ಇಳಿಸದೆ ತಿರುಗಿ ಸವರಿಕೊಂಡು ಹೋದದ್ದು.
ರಸ್ತೆ ಅಗಲವಾದಾಗ ಜೇಸಿಬಿ ಕಿತ್ತೆಸೆದದ್ದನ್ನು
ಸಾಬರು ತಳ್ಳುಗಾಡಿಯಲ್ಲಿ ತಂದರು.
ಅವರು ಹೋದ ಮೇಲೆ ನಮ್ಮ ಬಚ್ಚಲಿಗೆ ಬಂತು.
ಗಂಗಮಾಳಮ್ಮ ಒಗೆಯುತ್ತಿದ್ದಳು. ನೊರೆ ಬಳಿದಾಗ
"ಚಿತ್ರದು" ಎಂಬಷ್ಟು ಅಕ್ಷರ,
ಅದರ ಪಕ್ಕ ಉಗುರಿನಷ್ಟು ಕೆಂಪು.

ಅವರು ಒದ್ದೆ ನೆಲಕ್ಕೆ ಮಂಡಿಯೂರಿದರು.
ಗಾಜು ಹಿಡಿದು ಬಹಳ ಹೊತ್ತು ನೋಡಿದರು.
ಆಮೇಲೆ ಒಂದು ಬೆಲೆ ಹೇಳಿದರು. ನನ್ನ ಬಾಯಿ ಒಣಗಿತು.
ಅವಳು ಸೀರೆ ಹಿಂಡುತ್ತಲೇ ಅಂದಳು:
"ಕೆಂಪು ಬೇಕಾದ್ರೆ ಕೆರಕಂಡು ಹೋಗ್ಲಿ.
ಕಲ್ಲು ಕೊಟ್ಟು ನಾಳಿಂದ ನಿನ್ನ ಬೆನ್ನ ಮ್ಯಾಲೆ ಒಗೀಲಾ?"

ಅವರು ಕೆರೆಯಲಿಲ್ಲ. ಚಹಾ ಕುಡಿದರು,
ಗ್ಲೌಸಿನೊಳಗೆ ಒಮ್ಮೆ ತಮ್ಮ ಎಡಗೈ ತೂರಿಸಿ ನೋಡಿ
ತೆಗೆದಿಟ್ಟು ಹೋದರು.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ
ಕಲ್ಲಿನ ಮೇಲೆ ಅವರ ಭೂತಗನ್ನಡಿ ಸಿಕ್ಕಿತು.
ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಮುಚ್ಚಳದ ಪಕ್ಕ.
ಫೋನು ಮಾಡಿ ಹೇಳಬೇಕು.
ಇನ್ನೂ ಹೇಳಿಲ್ಲ.