ನಾಲ್ಕು ಕುಲಾವಿ

ಹಾಕೊದಾತೆಯ ಬಂದರಿಗೆ ಬೆನ್ನು ಹಾಕಿ
ಮಹಡಿಯ ಕೋಣೆಯಲ್ಲಿ ಏಳು ಜನ ಕೂತಿದ್ದೆವು.
ಕೆಳಗೆ ಬೊಂಡಾಸ ಸೀಳಿ ಒಣಗಿಸುವ ಯಂತ್ರ
ಆ ವರ್ಷ ಅರ್ಧ ದಿನವಷ್ಟೇ ಗುನುಗುತ್ತಿತ್ತು.
ಟಿಪ್ಪಣಿ ಬರೆಯುವ ಕೆಲಸ ನನ್ನದು.

ಟೋಕಿಯೊದಿಂದ ಬಂದ ಶಿಮೊಕವಾರ
ಬಿಳಿ ಹಲಗೆಯ ಮೇಲೆ ಎರಡು ಗೆರೆ ಎಳೆದ.
ನೆಟ್ಟಗಿನದು ಕಡಲಿನ ಬಿಸಿ,
ಅಡ್ಡದ್ದು ತಿನ್ನುವವರ ಮನಸ್ಸು.
ನಾಲ್ಕು ಮನೆಯಾಯಿತು, ಚೌಕಾಬಾರದ ಹಾಗೆ;
ಕವಡೆ ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

"ಭವಿಷ್ಯ ಹೇಳುವವ ನಾನಲ್ಲ," ಅಂದ.
"ಇಪ್ಪತ್ತು ವರ್ಷದಾಚೆ ಒಂದು ಮಂಗಳವಾರ
ಒಂದೊಂದು ಮನೆಯಲ್ಲೂ ರಾತ್ರಿ ಊಟಕ್ಕೇನು?
ಅಷ್ಟು ಬರೆಯಿರಿ ಸಾಕು."

ಮೊದಲ ಮನೆಯಲ್ಲಿ ನೀರು ತಣಿದು
ಬೊಂಡಾಸ ಹಿಂಡುಹಿಂಡಾಗಿ ಮರಳಿತ್ತು;
ತಿನ್ನಲು ಉಳಿದವರಿಗೆ ಹಲ್ಲು ಉಳಿದಿರಲಿಲ್ಲ.
ಎರಡನೆಯದರಲ್ಲಿ ಎಲ್ಲರೂ ಕೇಳುತ್ತಿದ್ದರು, ಕಡಲು ಕೊಡುತ್ತಿರಲಿಲ್ಲ;
ಉಕ್ಕಿನ ಹಂಡೆಯೊಳಗೆ ಹೆಪ್ಪು ಹಾಕಿದ ಮಾಂಸ
ಮೊಸರಿನಂತೆ ಸದ್ದಿಲ್ಲದೆ ಗಟ್ಟಿಯಾಗುತ್ತಿತ್ತು.
ಮೂರನೆಯದಕ್ಕೆ ಮಾಲೀಕ ಕುನಿಷಿರೊ
ಒಂದೇ ಪದ ಬರೆದ: ಬೀಗ.
ನಾಲ್ಕನೆಯದು ಚೆನ್ನಾಗಿತ್ತು.
ಅದನ್ನು ಯಾರೂ ನಂಬಲಿಲ್ಲ.

"ಕೂಸು ಹುಟ್ಟುವ ಮುಂಚೆ ಕುಲಾವಿ,"
ಕುನಿಷಿರೊ ಸಿಗರೇಟು ಹುಡುಕುತ್ತ ಗೊಣಗಿದ.
"ಅದೂ ನಾಲ್ಕು," ಅಂದಳು ತೊಕುಎ,
ಮೂವತ್ತೊಂದು ವರ್ಷದಿಂದ ಚಾಕು ಹಿಡಿದವಳು.
ನಗಲಿಲ್ಲ. ಪೆನ್ಸಿಲು ಕೇಳಿದಳು.

ಪ್ರತಿ ಮನೆಗೂ ಒಂದು ಪಟ್ಟಿ ಮಾಡಿದಳು,
ಮದುವೆ ಮನೆಗೆ ಸಾಮಾನು ಬರೆಸುವವಳಂತೆ:
ಏನು ಕೊಳ್ಳಬೇಕು, ಏನು ಮಾರಬೇಕು.
ಒಣಗಿಸುವ ಯಂತ್ರ ಎರಡರಲ್ಲಿ ಮಾರಾಟವಾಯಿತು.
ಹಂಡೆ ಒಂದರಲ್ಲಷ್ಟೇ ಬಂತು.
ನಾಲ್ಕರಲ್ಲೂ ಬಂದದ್ದು ಎರಡೇ,
ಹಿಂಬಾಗಿಲು ಅಗಲಿಸುವುದು,
ತಣ್ಣನೆ ಕೋಣೆಯ ಕಟ್ಟಿದ ಮೋರಿ ಬಿಡಿಸುವುದು.
ಬೀಗ ಹಾಕಿದರೂನಾ? ಅಂತ ಕೇಳಿದೆ.
"ಕೊಳ್ಳುವವನು ಮೊದಲು ಮೂಸಿ ನೋಡುವುದು ಮೋರಿಯನ್ನೇ."

ಮೂರು ದಿನದ ಮಾತಿಗೆ, ಪಯಣದ ಖರ್ಚಿಗೆ,
ಕಡೆಗೆ ಒಂದು ಮೋರಿ.
ಊರಲ್ಲಿ ನಕ್ಕರು. ನಾನೂ ನಕ್ಕೆ.

ಎರಡನೆಯ ಶರತ್ಕಾಲಕ್ಕೆ ಬಲೆಗೆ ಬಂತು ಬುರಿ,
ತೆಂಕಣ ನೀರಿನ ಮೀನು, ತೋಳಿನುದ್ದ,
ಮಗುವಿನಷ್ಟು ಭಾರ. ನಾಲ್ಕು ಮನೆಯಲ್ಲಿ
ಯಾವುದರಲ್ಲೂ ಅದರ ಹೆಸರಿರಲಿಲ್ಲ.
ಯಾವ ಕುಲಾವಿಯೂ ಹಿಡಿಸದ ತಲೆ.
ಶಿಮೊಕವಾರನಿಗೆ ಫೋನು ಮಾಡಿದೆವು;
ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ
"ಎಷ್ಟು ಟನ್ನು?" ಅಂತ ಕೇಳಿದ.

ಲಾರಿ ಹಿಮ್ಮುಖವಾಗಿ ಒಳಗೆ ಬಂತು, ಬಾಗಿಲು ತಾಕಲಿಲ್ಲ.
ಬೊಂಡಾಸಕ್ಕೆ ಅಷ್ಟೊಂದು ರಕ್ತವಿಲ್ಲ; ಇದಕ್ಕಿತ್ತು.
ಇಡೀ ರಾತ್ರಿ ಅದು ಮೋರಿಯಲ್ಲಿ
ತೊಡಕಿಲ್ಲದೆ ಇಳಿದು ಹೋಯಿತು.
ಚಾಕು ಮಾತ್ರ ಮೂಳೆಗೆ ಬಗ್ಗಿತು.
ತೊಕುಎ ಅದನ್ನು ಬೆಳಕಿಗೆ ಹಿಡಿದು
ತನ್ನ ಪಟ್ಟಿಯಲ್ಲಿ ತಾನೇ ಮರೆತದ್ದನ್ನು ನೋಡಿದಳು.

ಬೇಯಿಸುವುದು ಹೇಗೆಂದು ನಮಗಾರಿಗೂ ಗೊತ್ತಿಲ್ಲ.
ಟೊಯಾಮಾದ ಒಂದು ಅಂಗಡಿಗೆ ಫೋನು ಹಚ್ಚಿದೆ.
"ಮೂಲಂಗಿ ಮೊದಲು," ಅಂದಳು ಆ ಕಡೆಯ ಹೆಂಗಸು,
"ಅದು ಮೆತ್ತಗಾದ ಮೇಲೆ ಮೀನು."
ಟಿಪ್ಪಣಿ ಪುಸ್ತಕದಲ್ಲಿ, ಗೆರೆಗಳ ಹೊರಗೆ,
ಬರೆದುಕೊಂಡೆ.