ಯಾವ ಕಾಲು

ಅಕ್ರಾದಿಂದ ಬಂದ ಪಠ್ಯಕ್ರಮ ಹೇಳುತ್ತದೆ:
ಸಮತೋಲನ, ಲಯ, ಕಾಲಿನ ಬಲ, ನಲವತ್ತು ನಿಮಿಷ.
ಕೇಟಾದಲ್ಲಿ, ಸಮುದ್ರಕ್ಕೂ ಹಿನ್ನೀರಿಗೂ ನಡುವಿನ ಮರಳಲ್ಲಿ
ನಾನು ಹೇಳುವುದಿಷ್ಟೇ:
ಚಪ್ಪಲಿ ಬಿಡಿ, ಆಂಪೆ ಆಡೋಣ.

ಎದುರುಬದುರು ಇಬ್ಬರು. ಚಪ್ಪಾಳೆ, ಜಿಗಿತ,
ನೆಲಕ್ಕಿಳಿಯುವಾಗ ಒಂದು ಕಾಲು ಮುಂದೆ.
ಅದೇ ಕಾಲು ಎದುರಾದರೆ ಗೆಲುವು ಇವಳದು,
ಬೇರೆಯಾದರೆ ಅವಳದು.
ಲೆಕ್ಕಕ್ಕಿಂತ ಮೊದಲೇ ಜಗಳ.

ಗೋಡೆಗಂಟಿ ನಿಲ್ಲುವವನು ಸೆನ್ಯೋ.
ಶುಕ್ರವಾರ ಬಂತೆಂದರೆ ಜೇಬಿನಲ್ಲೊಂದು ಚೀಟಿ:
ಹೊಟ್ಟೆನೋವು, ತಲೆನೋವು, ಒಮ್ಮೆ ಬರೀ ‘ನೋವು’.
ಅಕ್ಷರ ಅಮ್ಮನದಲ್ಲ, ನನಗೆ ಗೊತ್ತು.
ಚೆಂಡು ಕಂಡರೆ ಕಣ್ಣು ಮುಚ್ಚುವ ಹುಡುಗ;
ಈ ಆಟದ ಹೊತ್ತಿಗೆ ಮಾತ್ರ
ಅವನ ಹೆಬ್ಬೆರಳು ಮರಳಿನಲ್ಲಿ
ಎಡ, ಎಡ, ಬಲ.

“ಹುಡುಗಿಯರ ಆಟ ಮೇಡಂ” ಅಂದರು ಫುಟ್ಬಾಲಿನವರು.
ಹೌದಪ್ಪ, ಎಂದೆ,
ಹಳೇ ಪೆಟ್ಟಿನ ಮಂಡಿಯ ಈ ಹುಡುಗಿಯನ್ನು ಬಂದು ಸೋಲಿಸಿ.
ಆರು ಜನ ಬಂದರು. ಆರು ಜನ ಸೋತರು.
ಏಳನೆಯವನು ಗೋಡೆ ಬಿಟ್ಟು ಬಂದ.

ಚಪ್ಪಾಳೆ.
ನಾನು ಎಡ. ಅವನು ಎಡ.
ನಾನು ಬಲ. ಅವನು ಬಲ.
ನನ್ನ ಕಾಲು ಯಾವುದೆಂದು ನನಗೇ ತಿಳಿಯುವ ಮುಂಚೆ
ಅವನಿಗೆ ತಿಳಿದಿತ್ತು.
ಇಷ್ಟು ವಾರ ಅಲ್ಲಿ ನಿಂತು
ಕಾಲುಗಳನ್ನೇ ಓದುತ್ತಿದ್ದನಲ್ಲ.

ಯಾಯ್ರಾ ಕೂಗಿದಳು: ಹತ್ತು!
ಮಂಡಿ ಹಿಡಿದು ಕೂತೇಬಿಟ್ಟೆ, ನಗುತ್ತ.
ಚೀಟಿ ಇನ್ನೂ ಅವನ ಮುಷ್ಟಿಯಲ್ಲಿತ್ತು,
ಬೆವರಿಗೆ ಶಾಯಿ ಹರಡಿ.
“ಮೇಡಂ, ಇದು?”
ಇಲ್ಲಿ ಕೊಡು, ಎಂದೆ.
‘ನೋವು’ ಅಂತ ತಾನೇ ಬರೆದಿರೋದು?
ನಾಳೆ ನನಗೇ ಬೇಕಾದೀತು.