ಜಮಾ ಬಾಜು

ಮೂವತ್ತೊಂದು ವರ್ಷ ಖಜಾನಿ ಆಫೀಸಿನ್ಯಾಗ ಕುಂತಾಂವ ನಾ.
ಒಂದು ರೂಪಾಯಿ ಹೊಂದದಿದ್ರ
ಕರೆಂಟ್ ಹೋದ ಮ್ಯಾಲೂ ಕಂದೀಲು ಹಚ್ಚಿ ಹುಡುಕಿದಾಂವ.
ಈಗ ಕಲಬುರಗಿ ದೊಡ್ಡ ದವಾಖಾನಿ ಹಿಂದಿನ ಗಲ್ಲಿಯೊಳಗ,
ಮುಚ್ಚಿಹೋದ ಸೈಕಲ್ ಅಂಗಡಿಯ ಶಟರಿನ ಕೆಳಗ
ರೊಟ್ಟಿ ಲೆಕ್ಕ ಬರೀತೀನಿ.

ಬೋರ್ಡಿನ ಮ್ಯಾಲ ‘ರೊಟ್ಟಿ ಬ್ಯಾಂಕ್’ ಅಂತ ಅದ.
ಬಡ್ಡಿ ಎಷ್ಟು ಕೊಡ್ತೀರಿ ಅಂತ
ದಿನಾ ಒಬ್ಬರರೆ ಕೇಳತಾರ.
ಅಕ್ಷರ ಬಿಡಿಸಿದ ಸೈಬಣ್ಣ
ಬ್ಯಾಂಕಿನ ಸೊನ್ನಿ ಸಾಸಿವಿಯಷ್ಟ ಮಾಡ್ಯಾನ.
ಸೊನ್ನಿ ದೊಡ್ಡದಾದ್ರ ಬ್ಯಾಂಕ್ ಮುಳುಗತದಂತ,
ಅಂವನ ಶಾಸ್ತ್ರ.

ಮುಂಜಾನೆ ಎಂಟಕ್ಕ
ಶಹಾಬಜಾರಿನಿಂದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ್ದು.
ರಾಬಿಯಾಬೀ ಕಳಸೋವು ಮೆತ್ತಗ,
ಗಂಡನ ಹಳಿ ಪಂಜಾ ಸುತ್ತಿ, ಇನ್ನ ಬಿಸಿ.
ಹಾಸ್ಟೆಲ್ ಹುಡುಗರು ತರೋವು ಹದಿನಾಲ್ಕು,
ದಾರಿಯೊಳಗ ಹನ್ನೆರಡು ಆಗತಾವ.
ಹನ್ನೆರಡು ಅಂತ ಬರಕೋತೀನಿ. ಕೇಳಂಗಿಲ್ಲ.
“ಹಿಂಡಿ ತೂಗಿದ್ರ ಖಾರ ಇಳೀತದ, ಸಾಹೇಬ್ರ”
ಅಂತಾಳ ಗಂಗೂಬಾಯಿ, ಡಬ್ಬಿ ಹಿಡಕೊಂಡು.
ನಾ ತೂಗತೀನಿ. ಒಂದು ಕಿಲೋ ಎರಡುನೂರು.

ಹನ್ನೊಂದಕ್ಕ ಸರತಿ. ಜೇವರ್ಗಿ, ಚಿಂಚೋಳಿ, ಶಹಾಪುರ.
ಊರು ಕೇಳೋದು ನಮ್ಮ ನಿಯಮದೊಳಗಿಲ್ಲ,
ಆದ್ರೂ ಹೇಳತಾರ, ರೊಟ್ಟಿ ಕೈಯೊಳಗ ಹಿಡಕೊಂಡು ನಿಂತು,
ವಾರ್ಡಿನ ನಂಬರು, ಆಪರೇಷನ್ ಯಾವಾಗ ಅನ್ನೋದು,
ಡಾಕ್ಟರ್ ಇವತ್ತ ಮಾತಾಡಿದ್ರೋ ಇಲ್ಲೋ.

ಹ್ವಾದ ಬ್ಯಾಸಗಿಗೆ ಗ್ಯಾಸಿನ ರೊಕ್ಕ ತೀರ್ತು.
ಬಾಡಿಗಿ ಎರಡು ತಿಂಗಳ ನಿಂತಿತ್ತು.
ಮೀಟಿಂಗ್ ಆಯ್ತು, ಅಂದ್ರ ಚಹಾ ಆಯ್ತು.
ಲಕ್ಕಿ ಡ್ರಾ ಇಡೋಣ ಅಂದ ಸೈಬಣ್ಣ.
ಅನ್ನಕ್ಕ ಜೂಜು ಹಚ್ಚಬ್ಯಾಡ್ರಿ ಅಂದ್ರು ಜಗದೇವಿ ಟೀಚರ್.
ಕಡೀಕ ಮಾತು ನಿಂತದ್ದು ಇಲ್ಲಿ:
ಐವತ್ತು ರೂಪಾಯಿ ಕೊಟ್ಟಾಂವ
ಯಾರಾದ್ರೂ ಆಗಲಿ, ಒಂದು ರೊಟ್ಟಿ ಬಡೀಬಹುದು.

ಗಲ್ಲಿ ತುಂಬ ಕೊಣಮಿಗಿ, ಒಲಿ, ಹೊಗಿ, ನಗಿ.
ಎಲುಬಿನ ಡಾಕ್ಟರ್ ಬಡದದ್ದು ಥೇಟ್ ಎಕ್ಸ್‌ರೇ,
ನಡುವ ಬಿರುಕು.
ಪೊಲೀಸ್ ಒಬ್ಬಾಂವ ಬಡದ,
ಎರಡು ಏಟಿಗೇ ರೊಟ್ಟಿ ಬಾಯಿ ಬಿಡ್ತು.
ಬ್ಯಾಳಿ ಮಿಲ್ಲಿನ ಅಣವೀರಪ್ಪನೋರು ಬಡೀಲಿಲ್ಲ,
ಐದು ಚೀಲ ನುಚ್ಚುಬ್ಯಾಳಿ ಕಳಿಸಿದ್ರು,
ಜೋಡಿ ತಮ್ಮ ಫೋಟೋದ ಫ್ಲೆಕ್ಸು, ಹತ್ತು ಫೂಟು ಉದ್ದ.
ಟೀಚರ್ ಮಾರಿ ತಿರುವಿದ್ರು. ನಾ ಅಂದೆ, ಬರಲಿ.
ಮಿರಗದ ಮಳಿ ಶಟರಿನ ಸಂದಿಯಿಂದ ಒಳಗ ಬಂದಾಗ
ಅದನ್ನ ಚೀಲದ ಮ್ಯಾಲ ಹಾಸಿದ್ವಿ.
ನಕ್ಕೋತ ಮಲಗ್ಯಾರ ಅಣವೀರಪ್ಪನೋರು ಇವತ್ತಿಗೂ,
ತಮ್ಮ ಬ್ಯಾಳಿ ತಾವೇ ಕಾಯಕೋತ.

ಆ ಸಂಜಿ ಕತ್ತಲಾಗೋ ಹೊತ್ತಿಗಿ ಒಬ್ಬಾಕಿ ಬಂದಳು.
ದಿನಾ ಎರಡು ರೊಟ್ಟಿ ಒಯ್ಯಾಕಿ,
ಸುಟ್ಟವರ ವಾರ್ಡಿನ್ಯಾಗ ಮೊಮ್ಮಗ.
ನನ್ನ ಕಡೆ ಐವತ್ತಿಲ್ಲ ಅಂದಳು.
ನಾ ಬಡದ್ರ ನೀವೇ ಕೊಡಬೇಕಾಗತದ ಅಂದಳು.
ನಕ್ಕಳೋ ಇಲ್ಲೋ, ಹೊಗಿಯೊಳಗ ಕಾಣಲಿಲ್ಲ.
ಸೆರಗು ಸಿಗಿಸಿ ಕುಂತಳು.

ಆ ಸಪ್ಪಳ. ಗಲ್ಲಿಯ ನಗಿ ತಾನ ಸಣ್ಣದಾಯ್ತು.
ಡಾಕ್ಟರ್ ಹಿಟ್ಟಿನ ಕೈ ಹಂಗೇ ಹಿಡಕೊಂಡು ನಿಂತಿದ್ರು.
ಹಿಟ್ಟು ತೀರೋತನಕ ಬಡದಳು, ಎಂಬತ್ತು.
ಒಂದರಂಗ ಒಂದು.
ಹೆಸರು ಹೇಳವ್ವ ಅಂದೆ, ಪುಸ್ತಕ ತೆಗೆದು.
ಬರೀಬ್ಯಾಡ್ರಿ ಅಂದಳು.
ಎರಡು ರೊಟ್ಟಿ ಎತ್ತಿಕೊಂಡಳು, ದಿನದಂಗ,
ಹೋದಳು.

ಒಟ್ಟು ಜಮಾ ಹದಿನೆಂಟು ಸಾವಿರದ ಆರುನೂರಾ ಐವತ್ತು.
ಬಾಡಿಗಿ ಹೋತು, ಗ್ಯಾಸು ಬಂತು.
ಐವತ್ತರಂಗ ಎಂಬತ್ತಕ್ಕ ನಾಲ್ಕು ಸಾವಿರ.
ಆಕಿ ನಮಗ ಕೊಡಬೇಕಾದದ್ದೋ,
ನಾವು ಆಕಿಗೋ,
ಎರಡೂ ಬಾಜು ಹಾಕಿ ನೋಡಿದೆ. ಹೊಂದವಲ್ದು.

ಮರುವಾರದಿಂದ ಆಕಿ ಬಂದಿಲ್ಲ.
ಮನಿಗಿ ಹೋದರೇನೋ. ವಾರ್ಡು ಇಲ್ಲೇ ಅದ,
ಗೋಡಿ ದಾಟಿದ್ರ ಕೇಳಬಹುದು.
ಕೇಳಿಲ್ಲ.
ದಿನಾ ಎರಡು ರೊಟ್ಟಿ ಬಾಜೂಕ ಎತ್ತಿಡತೀನಿ,
ಒಂಬತ್ತಕ್ಕ ವಾಚಮನ್ ಒಯ್ತಾನ.
ಪುಸ್ತಕದೊಳಗ ಆ ಸಾಲಿಗೆ
ಪೆನ್ಸಿಲಿನಿಂದ ಬರೇ ತಾರೀಖು ಅದ.